ದುಡಿಯುವ ಎತ್ತು: ಶಕ್ತಿ, ಮೇವು ಮತ್ತು ದಿನದ ಲೆಕ್ಕ

ಬೇಸಾಯದಲ್ಲಿ ಎತ್ತಿಗೆ ಇರುವ ಸ್ಥಾನವನ್ನು ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಯುಗಾದಿಯ ಹೊನ್ನಾರಿನಿಂದ ಸುಗ್ಗಿಯ ಕಣದವರೆಗೆ ಎತ್ತು ನಡೆದ ದಾರಿಯೇ ನಮ್ಮ ಒಣ ಬೇಸಾಯದ ದಾರಿಯಾಗಿತ್ತು. ಆದರೆ ಇತ್ತೀಚಿನ ವರ್ಷಗಳಲ್ಲಿ ಕೊಟ್ಟಿಗೆಯಲ್ಲಿ ಎತ್ತಿನ ಗೂಟ ಬರಿದಾಗುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದ ಗಂಡು ದನಗಳ ಸಂಖ್ಯೆ ಸುಮಾರು 6.8 ಕೋಟಿ ಇದ್ದುದು 2019ರ ಗಣತಿಯಲ್ಲಿ ಸುಮಾರು 4.7 ಕೋಟಿಗೆ ಇಳಿಯಿತು. ಏಳು ವರ್ಷಗಳಲ್ಲಿ ನೂರಕ್ಕೆ ಮೂವತ್ತರಷ್ಟು ಕಡಿಮೆ! ಅದೇ ಅವಧಿಯಲ್ಲಿ ಹೆಣ್ಣು ದನಗಳ ಸಂಖ್ಯೆ ನೂರಕ್ಕೆ 18ರಷ್ಟು ಹೆಚ್ಚಿತು. ಹಾಲಿಗಾಗಿ ಹಸು ಉಳಿಯಿತು. ದುಡಿಮೆಗಾಗಿ ಇದ್ದ ಎತ್ತು ಹೊರಟಿತು.

ಎತ್ತನ್ನು ಮಾರಿ ಟ್ರ್ಯಾಕ್ಟರನ್ನು ಬಾಡಿಗೆಗೆ ಹಿಡಿಯುವುದೇ ಅಥವಾ ಜೋಡಿಯನ್ನು ಉಳಿಸಿಕೊಳ್ಳುವುದೇ ಎಂಬುದು ಇಂದು ಅನೇಕ ಸಣ್ಣ ಹಿಡುವಳಿದಾರರ ಮುಂದಿರುವ ಪ್ರಶ್ನೆ. ಎತ್ತಿನ ಮೇಲಿನ ಅಭಿಮಾನದಿಂದಾಗಲಿ, ಯಂತ್ರದ ಮೇಲಿನ ಮೋಹದಿಂದಾಗಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಜೋಡಿ ಎಷ್ಟು ಎಳೆಯಬಲ್ಲದು, ಎಷ್ಟು ತಿನ್ನುತ್ತದೆ, ವರ್ಷದಲ್ಲಿ ಎಷ್ಟು ದಿನ ದುಡಿಯುತ್ತದೆ ಎಂಬ ಮೂರು ಅಂಶಗಳನ್ನು ತಿಳಿದು ಲೆಕ್ಕ ಹಾಕಿದರೆ ಪ್ರತಿಯೊಬ್ಬ ರೈತನೂ ತನ್ನ ಉತ್ತರವನ್ನು ತಾನೇ ಕಂಡುಕೊಳ್ಳಬಹುದು.

ದುಡಿಮೆಗೆ ತಕ್ಕ ತಳಿ

ಕರ್ನಾಟಕವು ದುಡಿಮೆಯ ತಳಿಗಳಿಗೆ ಹೆಸರಾದ ನಾಡು. ತುಮಕೂರು, ಮಂಡ್ಯ, ಹಾಸನ, ಮೈಸೂರು ಸೀಮೆಯ ಹಳ್ಳಿಕಾರ್ ಎತ್ತು ಚುರುಕು ನಡಿಗೆಗೂ ಬಾಳಿಕೆಗೂ ಹೆಸರಾದುದು. ಅಮೃತಮಹಲ್ ತಳಿ ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂದಿತು. ಸೈನ್ಯದ ಸಾಮಾನು ಮತ್ತು ಫಿರಂಗಿಗಳನ್ನು ಎಳೆಯಲು ಈ ಎತ್ತುಗಳೇ ಆಧಾರವಾಗಿದ್ದವು. ಇದರ ತಳಿ ಸಂವರ್ಧನ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ. ವಿಜಯಪುರ ಮತ್ತು ಅದಕ್ಕೆ ಹೊಂದಿದ ಮಹಾರಾಷ್ಟ್ರದ ಭಾಗಗಳಲ್ಲಿ ಖಿಲಾರಿ ಎತ್ತು, ಕೃಷ್ಣಾ ತೀರದ ಎರೆಭೂಮಿಯಲ್ಲಿ ಭಾರವಾದ ಮೈಕಟ್ಟಿನ ಕೃಷ್ಣಾ ಕಣಿವೆಯ ಎತ್ತು, ಬೀದರ ಕಡೆ ಹಾಲಿಗೂ ದುಡಿಮೆಗೂ ಒದಗುವ ದೇವಣಿ ಇವೆ. ಮಲೆನಾಡಿನ ಗಿಡ್ಡ ತಳಿ ಸಣ್ಣದಾದರೂ ಮಳೆ ಮತ್ತು ಕೆಸರಿಗೆ ಒಗ್ಗಿಕೊಂಡಿದೆ.

ಭೂಮಿಗೆ ತಕ್ಕಂತೆ ತಳಿಯನ್ನು ಆರಿಸಿಕೊಳ್ಳಬೇಕು. ಕೆಂಪು ಮಣ್ಣಿನ ಹಗುರ ಹೊಲಕ್ಕೆ ಭಾರೀ ಎತ್ತನ್ನು ಕಟ್ಟಿದರೆ ಮೇವು ವ್ಯರ್ಥ. ಎರೆಭೂಮಿಗೆ ಸಣ್ಣ ಎತ್ತನ್ನು ಕಟ್ಟಿದರೆ ಎತ್ತೇ ವ್ಯರ್ಥ. ಜರ್ಸಿ, ಎಚ್.ಎಫ್. ಮಿಶ್ರತಳಿಯ ಹೋರಿಗಳನ್ನೂ ದುಡಿಸಬಹುದು. ಆದರೆ ಅವುಗಳಿಗೆ ಇಣಿ ಚಿಕ್ಕದಾದುದರಿಂದ ನೊಗ ಸರಿಯಾಗಿ ನಿಲ್ಲುವುದಿಲ್ಲ, ಬಿಸಿಲನ್ನೂ ಅವು ಹೆಚ್ಚು ತಡೆಯಲಾರವು. ಬೆಳಗಿನ ತಂಪು ಹೊತ್ತಿನಲ್ಲಿ ಮಾತ್ರ ಅವುಗಳಿಂದ ಕೆಲಸ ತೆಗೆಯಬೇಕು.

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆ ಮುಂತಾದ ಜಾತ್ರೆಗಳಲ್ಲಿ ಎತ್ತು ಕೊಳ್ಳುವವರು ಬಣ್ಣ, ಸುಳಿ, ಕೋಡಿನ ಅಂದಕ್ಕಿಂತ ಮೊದಲು ಹಲ್ಲು, ಎದೆ ಮತ್ತು ಗೊರಸನ್ನು ನೋಡಬೇಕು. ಎರಡು ಹಲ್ಲಿನ ಹೋರಿಯನ್ನು ಪಳಗಿಸಲು ತೊಡಗಬಹುದು. ಪೂರ್ಣ ದುಡಿಮೆಗೆ ಹಚ್ಚುವುದು ನಾಲ್ಕು ವರ್ಷ ತುಂಬಿದ ಮೇಲೆಯೇ ಸರಿ. ಬಾಯ್ಗೂಡಿದ ಎತ್ತು ಹತ್ತು ಹನ್ನೆರಡು ವರ್ಷದವರೆಗೆ ಚೆನ್ನಾಗಿ ದುಡಿಯುತ್ತದೆ. ಜೋಡಿಯ ಎರಡೂ ಎತ್ತುಗಳು ಎತ್ತರ, ತೂಕ, ನಡಿಗೆಯಲ್ಲಿ ಸರಿಸಮನಾಗಿರುವುದು ಅತ್ಯವಶ್ಯಕ. ಒಂದು ಎತ್ತರ, ಒಂದು ಗಿಡ್ಡ ಆದರೆ ನೊಗ ವಾಲಿ ಭಾರವೆಲ್ಲ ಗಿಡ್ಡ ಎತ್ತಿನ ಹೆಗಲಿಗೆ ಬೀಳುತ್ತದೆ.

ಜೋಡಿ ಎಷ್ಟು ಎಳೆಯಬಲ್ಲದು?

ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲ ಬಲ ಅದರ ಮೈತೂಕದ ಸುಮಾರು ಹತ್ತನೆಯ ಒಂದು ಭಾಗ. ಗಾಡಿ ಹಳ್ಳದಿಂದ ಏರುವಾಗ ಇದರ ಹಲವು ಪಟ್ಟು ಬಲವನ್ನು ಕ್ಷಣಕಾಲ ಹಾಕಬಹುದು. ಆದರೆ ಗಂಟೆಗಟ್ಟಲೆ ಹಾಕಲಾರದು. ತಲಾ 400 ಕಿ.ಗ್ರಾಂ. ತೂಕದ ಎರಡು ಎತ್ತುಗಳ ಜೋಡಿ ನಿರಂತರವಾಗಿ ಸುಮಾರು 80 ಕಿ.ಗ್ರಾಂ. ಬಲದಿಂದ ಎಳೆಯುತ್ತದೆ. ಗಂಟೆಗೆ 2½ ಕಿ.ಮೀ. ನಡಿಗೆಯಲ್ಲಿ ಇದು ಸುಮಾರು ಮುಕ್ಕಾಲು ಅಶ್ವಶಕ್ತಿಗೆ ಸಮ.

ಈಗ ನೇಗಿಲು ಕೇಳುವ ಬಲವನ್ನು ನೋಡೋಣ. ಹದವಿರುವ ಮಧ್ಯಮ ಮಣ್ಣು ಸಾಲಿನ ಒಂದು ಚದರ ಸೆಂ.ಮೀ.ಗೆ ಸುಮಾರು 0.4 ಕಿ.ಗ್ರಾಂ. ತಡೆ ಒಡ್ಡುತ್ತದೆ ಎಂದಿಟ್ಟುಕೊಂಡರೆ, 15 ಸೆಂ.ಮೀ. ಅಗಲ, 12 ಸೆಂ.ಮೀ. ಆಳದ ಸಾಲನ್ನು ಮಗುಚುವ ಕಬ್ಬಿಣದ ನೇಗಿಲಿಗೆ 72 ಕಿ.ಗ್ರಾಂ. ಬಲ ಬೇಕು. ಇದು ಜೋಡಿಯ ಶಕ್ತಿಯೊಳಗೇ ಇದೆ. ಆಳವನ್ನು 18 ಸೆಂ.ಮೀ.ಗೆ ಹೆಚ್ಚಿಸಿದರೆ 108 ಕಿ.ಗ್ರಾಂ. ಬೇಕಾಗುತ್ತದೆ. ಗಟ್ಟಿಯಾದ ಎರೆಮಣ್ಣಿನಲ್ಲಿ 12 ಸೆಂ.ಮೀ. ಆಳಕ್ಕೇ 120 ಕಿ.ಗ್ರಾಂ. ಮೀರಬಹುದು. ಉತ್ತರ ಕರ್ನಾಟಕದ ಒಕ್ಕಲಿಗರು ದೊಡ್ಡ ಕಬ್ಬಿಣದ ನೇಗಿಲಿಗೆ ಎರಡು, ಮೂರು ಜೋಡಿ ಎತ್ತುಗಳನ್ನು ಒಂದರ ಮುಂದೆ ಒಂದರಂತೆ ಹೂಡುತ್ತಿದ್ದುದಕ್ಕೆ ಇದೇ ಕಾರಣ.

ಆದುದರಿಂದ ಒಂದೇ ಜೋಡಿ ಇರುವವರು ಆಳದ ಉಳುಮೆಗೆ ಹಠ ಹಿಡಿಯಬಾರದು. ಹೊಲ ಹದಕ್ಕೆ ಬರುವ ಮೊದಲೇ ಉಳುವುದೂ, ಕುಳ ಮೊಂಡಾಗಿದ್ದರೂ ತಟ್ಟಿಸದೆ ಹೂಡುವುದೂ ಎತ್ತಿನ ಬಲವನ್ನು ಸುಮ್ಮನೆ ತಿನ್ನುವ ಕೆಲಸಗಳು.

ಒಂದು ಎಕರೆಗೆ ಎಷ್ಟು ನಡಿಗೆ?

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಸಾಲಿನ ಅಗಲ 15 ಸೆಂ.ಮೀ. ಇದ್ದರೆ ಒಂದು ಎಕರೆ ಉಳಲು ಎತ್ತುಗಳೂ ಅವುಗಳ ಹಿಂದೆ ರೈತನೂ 27 ಕಿ.ಮೀ. ನಡೆಯಬೇಕು. ದಿನಕ್ಕೆ ಆರು ಗಂಟೆಯ ದುಡಿಮೆಯಲ್ಲಿ ಜೋಡಿ ನಡೆಯುವುದು ಸುಮಾರು 15 ಕಿ.ಮೀ. ತಿರುವುಗಳಲ್ಲಿ ಹೋಗುವ ಹೊತ್ತನ್ನು ಕಳೆದರೆ ದಿನಕ್ಕೆ ಅರ್ಧ ಎಕರೆ ಉಳುಮೆಯಾಗುತ್ತದೆ.

ಅದೇ ಜೋಡಿಗೆ 75 ಸೆಂ.ಮೀ. ಅಗಲದ ಕುಂಟೆ ಕಟ್ಟಿದರೆ ಎಕರೆಗೆ 5.4 ಕಿ.ಮೀ. ನಡಿಗೆ ಸಾಕು, ದಿನಕ್ಕೆ ಎರಡೂವರೆ ಎಕರೆ ಆಗುತ್ತದೆ. 30 ಸೆಂ.ಮೀ. ಅಂತರದ ನಾಲ್ಕು ತಾಳಿನ ಕೂರಿಗೆಗೆ ಎಕರೆಗೆ 3.4 ಕಿ.ಮೀ. ಮಾತ್ರ, ದಿನಕ್ಕೆ ಮೂರೂವರೆ ಎಕರೆ ಬಿತ್ತಬಹುದು.

ಈ ಅಂಕಿಗಳಲ್ಲಿ ಒಂದು ಮುಖ್ಯ ಪಾಠವಿದೆ. ಎತ್ತಿಗೆ ಅತ್ಯಂತ ಕಷ್ಟದ ಮತ್ತು ನಿಧಾನದ ಕೆಲಸ ಉಳುಮೆ. ಬಿತ್ತನೆ, ಕುಂಟೆ ಹೊಡೆಯುವುದು, ಎಡೆಕುಂಟೆ ಹಾಯಿಸುವುದು ಅದಕ್ಕೆ ಹಗುರವಾದ, ಬೇಗ ಮುಗಿಯುವ ಕೆಲಸಗಳು. ಟ್ರ್ಯಾಕ್ಟರಿನ ವಿಷಯ ಇದಕ್ಕೆ ತಿರುವುಮುರುವು. ಉಳುಮೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬೆಳೆದು ನಿಂತ ರಾಗಿಯ ಸಾಲಿನ ನಡುವೆ ಅದು ಹೋಗಲಾರದು. ಬಿತ್ತನೆಯ ದಿನ ಇಡೀ ಊರಿಗೆ ಒಂದೆರಡೇ ಟ್ರ್ಯಾಕ್ಟರ್ ಇದ್ದರೆ ಸರದಿ ಬರುವಷ್ಟರಲ್ಲಿ ಕೆಂಪು ಮಣ್ಣಿನ ಮೇಲಿನ ತೇವ ಆರಿಹೋಗುತ್ತದೆ. ಮನೆಯ ಜೋಡಿ ಇದ್ದವನು ಮಳೆ ನಿಂತು ಹದ ಬಂದ ಬೆಳಗ್ಗೆಯೇ ಕೂರಿಗೆ ಹೂಡುತ್ತಾನೆ. ಮಳೆಯಾಶ್ರಿತ ಬೇಸಾಯದಲ್ಲಿ ಹದ ತಪ್ಪಿದ ಬಿತ್ತನೆಯಿಂದಾಗುವ ನಷ್ಟವನ್ನು ಗೊಬ್ಬರದಿಂದ ತುಂಬಿಕೊಡಲಾಗುವುದಿಲ್ಲ.

ಎತ್ತಿಗೆ ಹೊಸ ಉಪಕರಣಗಳನ್ನು ರೂಪಿಸುವ ಕೆಲಸವೂ ನಡೆದಿದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಎರೆಭೂಮಿಗಾಗಿ ಅಗಲವಾದ ಏರುಮಡಿ ಮತ್ತು ಕಾಲುವೆಯ ಪದ್ಧತಿಯನ್ನು ರೂಪಿಸಿ, ಅದಕ್ಕೆ ಎತ್ತು ಎಳೆಯುವ ಚಕ್ರದ ಬಹೂಪಯೋಗಿ ಉಪಕರಣವನ್ನು ಬಳಸಲಾಯಿತು. ಸಂಶೋಧನಾ ಕ್ಷೇತ್ರದಲ್ಲಿ ಅದು ಉತ್ತಮ ಫಲ ಕೊಟ್ಟಿತು. ಆದರೆ ಅದರ ಬೆಲೆ ನಾಡ ನೇಗಿಲು, ಕುಂಟೆ, ಕೂರಿಗೆಗಳ ಒಟ್ಟು ಬೆಲೆಯ ಹಲವು ಪಟ್ಟಿದ್ದುದರಿಂದ ರೈತರ ಹೊಲಗಳಲ್ಲಿ ಅದು ಹರಡಲಿಲ್ಲ. ಎತ್ತಿನ ಉಪಕರಣ ಊರಿನ ಕಮ್ಮಾರ, ಬಡಗಿಗಳು ದುರಸ್ತಿ ಮಾಡಬಲ್ಲಂತಹುದೂ ರೈತನ ಕೈಗೆ ಎಟುಕುವಂತಹುದೂ ಆಗಿರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನೊಗ ಮತ್ತು ಹೆಗಲು

ಎತ್ತಿನ ಬಲವೆಲ್ಲ ಹೊಲಕ್ಕೆ ತಲುಪುವುದು ಹೆಗಲಿನ ಮೇಲಿನ ಅಂಗೈಯಗಲ ಜಾಗದ ಮೂಲಕ. ನೊಗ ಒರಟಾಗಿದ್ದರೆ, ಗಂಟು ಸೀಳು ಇದ್ದರೆ, ಮಳೆಯಲ್ಲಿ ನೆನೆದ ನೊಗವನ್ನು ಹಾಗೆಯೇ ಹೂಡಿದರೆ ಹೆಗಲು ಉಜ್ಜಿ ಬಾವು ಬರುತ್ತದೆ. ಬೇಸಿಗೆಯಿಡೀ ಕಟ್ಟಿ ನಿಲ್ಲಿಸಿದ ಎತ್ತನ್ನು ಮೊದಲ ಮಳೆಯ ದಿನವೇ ಆರು ಗಂಟೆ ದುಡಿಸಿದಾಗ ಇದು ಹೆಚ್ಚಾಗಿ ಕಂಡುಬರುತ್ತದೆ.

ಇದನ್ನು ತಡೆಯಲು ಈ ಕ್ರಮಗಳನ್ನು ಅನುಸರಿಸಬೇಕು:

1. ನೊಗದ ತಳಭಾಗವನ್ನು ಎತ್ತಿನ ಹೆಗಲಿನ ಆಕಾರಕ್ಕೆ ಹೊಂದುವಂತೆ ಅಗಲವಾಗಿ, ನುಣುಪಾಗಿ ಹೆರೆಸಬೇಕು. ಅಗಲ ಹೆಚ್ಚಿದಷ್ಟೂ ಒತ್ತಡ ಹಂಚಿಹೋಗುತ್ತದೆ.

2. ಬಿತ್ತನೆಗೆ ಮೂರು ನಾಲ್ಕು ವಾರ ಮೊದಲಿನಿಂದಲೇ ದಿನಕ್ಕೆ ಒಂದು ಗಂಟೆ, ಎರಡು ಗಂಟೆಯಂತೆ ಹಗುರ ಕೆಲಸ ಮಾಡಿಸಿ ಹೆಗಲನ್ನು ಗಟ್ಟಿಗೊಳಿಸಬೇಕು. ಗೊಬ್ಬರ ಸಾಗಿಸುವ ಕೆಲಸವನ್ನು ಈ ಅವಧಿಗೆ ಇಟ್ಟುಕೊಳ್ಳುವುದು ಲೇಸು.

3. ಕೊರಳ ಕಣ್ಣಿ ಉಸಿರಿಗೆ ಅಡ್ಡಿಯಾಗದಂತೆ ಸಡಿಲವಾಗಿರಬೇಕು.

4. ಕೆಲಸ ಬಿಟ್ಟೊಡನೆ ಹೆಗಲನ್ನು ಕೈಯಿಂದ ತಡವಿ ನೋಡಬೇಕು. ಬಿಸಿಯಾಗಿದ್ದರೆ ಅಥವಾ ಊದಿದ್ದರೆ ತಣ್ಣೀರಿನ ಪಟ್ಟಿ ಹಾಕಿ, ಇಳಿಯುವವರೆಗೆ ನೊಗಕ್ಕೆ ಹೂಡಬಾರದು. ಹುಣ್ಣಾದರೆ ಪಶುವೈದ್ಯರಿಗೆ ತೋರಿಸಬೇಕು. ಹುಣ್ಣಿನ ಮೇಲೆ ಚಿಂದಿ ಸುತ್ತಿ ಮತ್ತೆ ಹೂಡುವುದು ಎತ್ತಿಗೂ ಹಿಂಸೆ, ರೈತನಿಗೂ ನಷ್ಟ. ನಾಲ್ಕು ದಿನದ ವಿರಾಮ ಉಳಿಸಲು ಹೋಗಿ ಇಡೀ ಹಂಗಾಮನ್ನು ಕಳೆದುಕೊಂಡಂತಾಗುತ್ತದೆ.

ಗಾಡಿಯ ಎತ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯತ್ತ ದೇಶದ ಗಮನ ಸೆಳೆದರು. ಕಬ್ಬಿಣದ ಪಟ್ಟಿಯ ಮರದ ಚಕ್ರಕ್ಕಿಂತ ಗಾಳಿ ತುಂಬಿದ ಟೈರ್ ಮತ್ತು ಬೇರಿಂಗ್ ಇರುವ ಗಾಡಿಯನ್ನು ಎಳೆಯಲು ಬಹಳ ಕಡಿಮೆ ಬಲ ಸಾಕು. ಹೇರನ್ನು ಅಚ್ಚಿನ ಮೇಲೆ ಸರಿದೂಗುವಂತೆ ಹೇರಬೇಕು. ಮುಂದಕ್ಕೆ ಹೆಚ್ಚಾದರೆ ಭಾರ ಎತ್ತಿನ ಹೆಗಲಿನ ಮೇಲೆ ಕೂರುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಕಣ್ಣಿ ಬಿಗಿಯುತ್ತದೆ.

ಮೇವು ಮತ್ತು ನೀರು

ನಮ್ಮಲ್ಲಿ ಎತ್ತುಗಳು ಅತ್ಯಂತ ಬಡಕಲಾಗಿರುವುದು ಮೇ ತಿಂಗಳಲ್ಲಿ. ಅತ್ಯಂತ ಹೆಚ್ಚು ಕೆಲಸ ಬೀಳುವುದು ಜೂನ್, ಜುಲೈ ತಿಂಗಳಲ್ಲಿ. ಬಣವೆ ಕರಗಿ, ಹಸಿ ಮೇವು ಇನ್ನೂ ಬಾರದಿರುವ ಈ ಸಂದಿಯಲ್ಲಿ ಎತ್ತನ್ನು ಕಡೆಗಣಿಸಿದವರು ಕಾರ ಹುಣ್ಣಿಮೆಯ ದಿನ ಮೈತೊಳೆದು ಕೋಡಿಗೆ ಬಣ್ಣ ಹಚ್ಚಿದರೆ ಎತ್ತಿಗೆ ಬಲ ಬರುವುದಿಲ್ಲ. ಹಂಗಾಮಿಗೆ ಒಂದು ತಿಂಗಳು ಮೊದಲಿನಿಂದಲೇ ಅದರ ಮೈಯನ್ನು ಕೂಡಿಸಬೇಕು.

ಕಷ್ಟದ ದುಡಿಮೆಯ ದಿನಗಳಲ್ಲಿ 400 ಕಿ.ಗ್ರಾಂ. ತೂಕದ ಎತ್ತೊಂದಕ್ಕೆ ದಿನಕ್ಕೆ 6ರಿಂದ 7 ಕಿ.ಗ್ರಾಂ. ಒಣಹುಲ್ಲು, 8ರಿಂದ 10 ಕಿ.ಗ್ರಾಂ. ಹಸಿ ಮೇವು, 1½ರಿಂದ 2 ಕಿ.ಗ್ರಾಂ. ದಾಣಿ ಮಿಶ್ರಣ ಕೊಡಬೇಕು. ದಾಣಿಯನ್ನು ಮನೆಯಲ್ಲಿಯೇ ತಯಾರಿಸಬಹುದು. ನೂರು ಭಾಗದಲ್ಲಿ ಹುರುಳಿ ಅಥವಾ ಮುಸುಕಿನ ಜೋಳದ ನುಚ್ಚು 35 ಭಾಗ, ತವುಡು ಅಥವಾ ಬೂಸಾ 32 ಭಾಗ, ಹಿಂಡಿ 30 ಭಾಗ, ಖನಿಜ ಮಿಶ್ರಣ 2 ಭಾಗ, ಉಪ್ಪು 1 ಭಾಗ ಇರಲಿ. ಹುರುಳಿಯನ್ನು ನೆನೆಸಿ ಅಥವಾ ಬೇಯಿಸಿ ಕೊಡುವ ಹಳೆಯ ವಾಡಿಕೆ ಒಳ್ಳೆಯದೇ. ದುಡಿಮೆ ಇಲ್ಲದ ದಿನಗಳಲ್ಲಿ ದಾಣಿಯನ್ನು ಅರ್ಧಕ್ಕೆ ಇಳಿಸಬಹುದು, ಪೂರ್ಣ ನಿಲ್ಲಿಸಬಾರದು.

ಭತ್ತ ಮತ್ತು ರಾಗಿ ಹುಲ್ಲಿನ ಸತ್ವವನ್ನು ಯೂರಿಯಾ ಉಪಚಾರದಿಂದ ಹೆಚ್ಚಿಸಬಹುದು. 100 ಕಿ.ಗ್ರಾಂ. ಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಒತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ಹೊರತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರಡಿ, ವಾಸನೆ ಹೋದ ಮೇಲೆ ಮೊದಲು ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ರೂಢಿ ಮಾಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ನೀರನ್ನು ದನಗಳು ಕುಡಿದರೆ ಸಾಯುತ್ತವೆ. ಆದುದರಿಂದ ಪಾತ್ರೆಗಳನ್ನು ಎಚ್ಚರಿಕೆಯಿಂದ ತೊಳೆದಿಡಬೇಕು.

ಎತ್ತಿಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಬೇಸಿಗೆಯ ದುಡಿಮೆಯಲ್ಲಿ ಇನ್ನೂ ಹೆಚ್ಚು ಬೇಕು. ಕೆಲಸಕ್ಕೆ ಮೊದಲು, ನಡುವಿನ ವಿರಾಮದಲ್ಲಿ, ಸಂಜೆ ಹೀಗೆ ಮೂರು ಹೊತ್ತು ನೀರು ತೋರಿಸಬೇಕು.

ದುಡಿಮೆಯ ಹೊತ್ತು, ದಣಿವಿನ ಗುರುತು

ಎತ್ತು ಮೆಲುಕು ಹಾಕುವ ಪ್ರಾಣಿ. ತಿಂದ ಹುಲ್ಲು ಬಲವಾಗಬೇಕಾದರೆ ದಿನಕ್ಕೆ ಆರೇಳು ಗಂಟೆ ಅದು ನಿಶ್ಚಿಂತೆಯಿಂದ ಮೆಲುಕು ಹಾಕಬೇಕು. ಬೆಳಗಿನಿಂದ ಸಂಜೆಯವರೆಗೆ ನೊಗದಲ್ಲಿ ಇಟ್ಟು ರಾತ್ರಿ ಬಣವೆಯನ್ನೇ ಮುಂದೆ ಹಾಕಿದರೂ ಪ್ರಯೋಜನವಿಲ್ಲ. ನಸುಕಿನಲ್ಲಿ ಹೂಡಿ ಹತ್ತು ಗಂಟೆಗೆ ಬಿಟ್ಟು, ಮತ್ತೆ ಇಳಿಹೊತ್ತಿನಲ್ಲಿ ಎರಡು ಗಂಟೆ ಹೂಡುವುದು ಉತ್ತಮ ಕ್ರಮ.

ಈ ಬಗ್ಗೆ ಕಾನೂನೂ ಇದೆ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ನಿಯಮಗಳಂತೆ ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ತುದಿಗೆ ಮೊಳೆ ಇರುವ ಬಾರುಕೋಲಿನ ಬಳಕೆಯನ್ನೂ ಈ ನಿಯಮಗಳು ನಿಷೇಧಿಸಿವೆ.

ದಣಿವನ್ನು ಅಳೆಯಲು ಉಪಕರಣ ಬೇಕಿಲ್ಲ. ಪಕ್ಕೆಯ ಏರಿಳಿತ ನೋಡಿ ಉಸಿರನ್ನು ಎಣಿಸಬಹುದು. ವಿಶ್ರಾಂತಿಯಲ್ಲಿರುವ ಎತ್ತು ನಿಮಿಷಕ್ಕೆ ಇಪ್ಪತ್ತರಿಂದ ಮೂವತ್ತು ಬಾರಿ ಉಸಿರಾಡುತ್ತದೆ. ದುಡಿಯುವಾಗ ಇದು ಅರವತ್ತನ್ನು ಮೀರಿದರೆ ನಿಲ್ಲಿಸಿ ನೆರಳಿಗೆ ಕಟ್ಟಬೇಕು. ಬಾಯಲ್ಲಿ ನೊರೆ, ನಾಲಿಗೆ ಹೊರಚಾಚುವುದು, ಹೆಜ್ಜೆ ತಪ್ಪುವುದು, ಸಾಲಿನ ಕೊನೆಯಲ್ಲಿ ತಿರುಗಲು ಒಪ್ಪದಿರುವುದು ಇವೆಲ್ಲ ದಣಿವಿನ ಗುರುತುಗಳೇ ಹೊರತು ಮೊಂಡುತನದ ಗುರುತುಗಳಲ್ಲ. ಇಂತಹ ಹೊತ್ತಿನಲ್ಲಿ ಬಾರುಕೋಲು ಬೀಸಿದರೆ ಎರಡು ಸಾಲು ಹೆಚ್ಚು ಉತ್ತಬಹುದು. ಮರುದಿನ ಅದರ ದುಪ್ಪಟ್ಟು ಕಡಿಮೆಯಾಗುತ್ತದೆ.

ರೋಗ, ಗೊರಸು, ಕೋಡು

ಕಾಲುಬಾಯಿ ಜ್ವರ ದುಡಿಯುವ ಎತ್ತಿನ ದೊಡ್ಡ ಶತ್ರು. ಇದರಿಂದ ಸಾಯುವ ಎತ್ತುಗಳು ಕಡಿಮೆ. ಆದರೆ ವಾಸಿಯಾದ ಮೇಲೂ ಕೆಲವು ಎತ್ತುಗಳು ಬಿಸಿಲಿಗೆ ಏದುಸಿರು ಬಿಡುತ್ತ ದುಡಿಮೆಗೆ ಬಾರದಂತಾಗುತ್ತವೆ. ಕೊಳ್ಳುವಾಗ ಎತ್ತನ್ನು ಬಿಸಿಲಿನಲ್ಲಿ ಅರ್ಧ ಗಂಟೆ ನಡೆಸಿ ನೋಡಬೇಕೆಂಬುದು ಇದಕ್ಕಾಗಿಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಇದಕ್ಕೆ ಉಚಿತ ಲಸಿಕೆ ಹಾಕಲಾಗುತ್ತದೆ. ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು. ಗಳಲೆ ಮತ್ತು ಚಪ್ಪೆ ರೋಗಗಳ ಲಸಿಕೆಯನ್ನು ಮುಂಗಾರಿಗೆ ಮೊದಲೇ ಹಾಕಿಸಬೇಕು. 2022ರಲ್ಲಿ ರಾಜ್ಯದಲ್ಲಿ ವ್ಯಾಪಕವಾಗಿ ಹರಡಿದ ಚರ್ಮಗಂಟು ರೋಗದ ವಿಷಯದಲ್ಲೂ ಲಸಿಕೆ ಮತ್ತು ನೊಣ, ಉಣ್ಣೆ, ಸೊಳ್ಳೆಗಳ ಹತೋಟಿಯೇ ಮುಖ್ಯ ಉಪಾಯ.

ಡಾಂಬರು ರಸ್ತೆಯಲ್ಲಿ ನಡೆಯುವ ಎತ್ತಿಗೆ ಲಾಳ ಕಟ್ಟಿಸಬೇಕು. ಎತ್ತಿನ ಗೊರಸು ಸೀಳು ಗೊರಸಾದುದರಿಂದ ಒಂದೊಂದು ಕಾಲಿಗೆ ಎರಡರಂತೆ ಎಂಟು ಲಾಳ ಬೇಕು. ಹೊಲದಲ್ಲಷ್ಟೇ ದುಡಿಯುವ ಎತ್ತಿಗೆ ಇದರ ಅಗತ್ಯವಿಲ್ಲ.

ಕೋಡನ್ನು ಅಂದಕ್ಕಾಗಿ ಪದೇ ಪದೇ ಹೆರೆಯುವುದು ಒಳ್ಳೆಯದಲ್ಲ. ಕೋಡಿನ ಕ್ಯಾನ್ಸರ್ ಹೆಚ್ಚಾಗಿ ಕಂಡುಬರುವುದು ನಡುವಯಸ್ಸಿನ ಎತ್ತುಗಳಲ್ಲಿ. ಎತ್ತು ತಲೆ ಕೊಡವುತ್ತಿದ್ದರೆ, ಕೋಡನ್ನು ಗೂಟಕ್ಕೆ ಉಜ್ಜುತ್ತಿದ್ದರೆ, ಒಂದೇ ಹೊಳ್ಳೆಯಿಂದ ರಕ್ತ ಒಸರಿದರೆ ಅಥವಾ ಕೋಡು ವಾಲಿದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಆರಂಭದಲ್ಲಿಯೇ ಶಸ್ತ್ರಚಿಕಿತ್ಸೆಯಿಂದ ಕೋಡನ್ನು ತೆಗೆಸಿದರೆ ಎತ್ತು ಉಳಿಯುತ್ತದೆ.

ಜೋಡಿ ಸಾಕುವುದು ಲಾಭವೇ?

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಟ್ರ್ಯಾಕ್ಟರ್ ನಿಂತಾಗ ಡೀಸೆಲ್ ಕುಡಿಯುವುದಿಲ್ಲ. ಎತ್ತು ನಿಂತ ದಿನವೂ ಮೇಯುತ್ತದೆ. ಎತ್ತಿನ ಲಾಭ ನಷ್ಟವೆಲ್ಲ ಈ ಒಂದು ಮಾತಿನಲ್ಲಿದೆ.

ನಾಲ್ಕು ಎಕರೆ ಮಳೆಯಾಶ್ರಿತ ರಾಗಿ ಬೆಳೆಯುವ ಹಿಡುವಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜೋಡಿಗೆ ಸಿಗುವ ಕೆಲಸ ಹೀಗಿರುತ್ತದೆ:

ಎರಡು ಬಾರಿ ಉಳುಮೆ: 16 ದಿನ
ಎರಡು ಬಾರಿ ಕುಂಟೆ: 4 ದಿನ
ಕೂರಿಗೆ ಬಿತ್ತನೆ: 2 ದಿನ
ಎರಡು ಬಾರಿ ಎಡೆಕುಂಟೆ: 4 ದಿನ
ಗೊಬ್ಬರ ಸಾಗಣೆ: 5 ದಿನ
ತೆನೆ, ಹುಲ್ಲು ಸಾಗಣೆ: 4 ದಿನ
ಒಟ್ಟು: 35 ದಿನ

ಉಳಿದ 330 ದಿನ ಜೋಡಿಗೆ ಕೆಲಸವಿಲ್ಲ. ಎತ್ತೊಂದಕ್ಕೆ ದಿನಕ್ಕೆ 7 ಕಿ.ಗ್ರಾಂ.ನಂತೆ ಒಣಹುಲ್ಲನ್ನು ಮಾತ್ರ ಎಣಿಸಿದರೂ ಜೋಡಿಗೆ ವರ್ಷಕ್ಕೆ ಸುಮಾರು 5,110 ಕಿ.ಗ್ರಾಂ. ಬೇಕು. 35 ದಿನದ ದುಡಿಮೆಗೆ ಹಂಚಿದರೆ ಒಂದೊಂದು ದುಡಿಮೆಯ ದಿನಕ್ಕೆ 146 ಕಿ.ಗ್ರಾಂ. ಹುಲ್ಲಿನ ವೆಚ್ಚ ಬೀಳುತ್ತದೆ. ಅದೇ ಜೋಡಿ ನೆರೆಯವರ ಹೊಲದ ಕೆಲಸ ಅಥವಾ ಗಾಡಿ ಬಾಡಿಗೆ ಹಿಡಿದು 70 ದಿನ ದುಡಿದರೆ ಇದು 73 ಕಿ.ಗ್ರಾಂ.ಗೆ ಇಳಿಯುತ್ತದೆ. ತಮ್ಮ ಊರಿನ ಹುಲ್ಲಿನ ಧಾರಣೆಯಿಂದ ಇದನ್ನು ಗುಣಿಸಿ, ದಾಣಿಯ ಖರ್ಚು ಮತ್ತು ಎತ್ತಿನ ಬೆಲೆಯ ವಾರ್ಷಿಕ ಸವಕಳಿಯನ್ನು ಸೇರಿಸಿ, ಬಂದ ಮೊತ್ತವನ್ನು ಬಾಡಿಗೆಯ ದರದೊಂದಿಗೆ ಹೋಲಿಸಿದರೆ ರೈತನಿಗೆ ಸ್ಥಿತಿ ಸ್ಪಷ್ಟವಾಗುತ್ತದೆ.

ಹುಲ್ಲಿನ ಮೂಲವನ್ನೂ ನೋಡಬೇಕು. ಮಳೆಯಾಶ್ರಿತ ರಾಗಿ ಎಕರೆಗೆ ಸುಮಾರು ಒಂದರಿಂದ ಒಂದೂವರೆ ಟನ್ ಹುಲ್ಲು ಕೊಡುತ್ತದೆ. ಅಂದರೆ ಒಂದು ಜೋಡಿಗೆ ನಾಲ್ಕು ಎಕರೆಯ ಹುಲ್ಲು ಬೇಕು. ಆ ಮನೆಯಲ್ಲಿ ಎರಡು ಹಾಲಿನ ಹಸುಗಳೂ ಇದ್ದರೆ ಹುಲ್ಲು ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಎತ್ತು ಹೊರಡಲು ಇದೂ ಒಂದು ಮುಖ್ಯ ಕಾರಣ. ರಾಗಿಯ ಬದಲು ಹುಲ್ಲಿಲ್ಲದ ವಾಣಿಜ್ಯ ಬೆಳೆಗಳನ್ನು ಹಾಕಿದವರೂ, ಯಂತ್ರದಿಂದ ಕೊಯ್ಲು ಮಾಡಿಸಿ ಹುಲ್ಲನ್ನು ಹೊಲದಲ್ಲೇ ಬಿಟ್ಟವರೂ ಎತ್ತು ಸಾಕುವುದು ಕಷ್ಟ.

ಲೆಕ್ಕದ ಇನ್ನೊಂದು ಬದಿಯಲ್ಲಿ ಗೊಬ್ಬರವಿದೆ. ಜೋಡಿಯಿಂದ ದಿನಕ್ಕೆ ಸುಮಾರು 20 ಕಿ.ಗ್ರಾಂ. ಸಗಣಿ ಸಿಗುತ್ತದೆ. ಕಸಕಡ್ಡಿ ಸೇರಿಸಿ ಗುಂಡಿಯಲ್ಲಿ ಚೆನ್ನಾಗಿ ಕಳಿಸಿದರೆ ವರ್ಷಕ್ಕೆ ಮೂರು ಟನ್‌ಗೆ ಕಡಿಮೆಯಿಲ್ಲದ ಕೊಟ್ಟಿಗೆ ಗೊಬ್ಬರವಾಗುತ್ತದೆ. ಇದು ಒಂದು ಎಕರೆ ರಾಗಿಗೆ ಸಾಕಾಗುವಷ್ಟು. ಇದರಲ್ಲಿ ಸುಮಾರು 15 ಕಿ.ಗ್ರಾಂ. ಸಾರಜನಕವಿರುತ್ತದೆ. ಸಾರಜನಕಕ್ಕಿಂತಲೂ ಇದರ ಸಾವಯವ ಅಂಶ ಕೆಂಪು ಮಣ್ಣಿನ ತೇವ ಹಿಡಿಯುವ ಗುಣಕ್ಕೆ ಬೇಕಾದುದು. ಆದರೂ ಗೊಬ್ಬರಕ್ಕಾಗಿಯೇ ಎತ್ತು ಎನ್ನುವಂತಿಲ್ಲ, ಹಸುವೂ ಗೊಬ್ಬರ ಕೊಡುತ್ತದೆ.

ಮುದಿ ಎತ್ತಿನ ಪ್ರಶ್ನೆ

ದುಡಿದು ಹಣ್ಣಾದ ಎತ್ತನ್ನು ಏನು ಮಾಡಬೇಕೆಂಬುದು ರೈತನ ಮನಸ್ಸಿಗೂ ಕೈಚೀಲಕ್ಕೂ ಭಾರವಾದ ಪ್ರಶ್ನೆ. ಕರ್ನಾಟಕದ 1964ರ ಕಾಯಿದೆಯಂತೆ 12 ವರ್ಷ ಮೀರಿದ ಅಥವಾ ದುಡಿಮೆಗೆ ಬಾರದ ಎತ್ತನ್ನು ಅಧಿಕಾರಿಯ ಪ್ರಮಾಣಪತ್ರದೊಂದಿಗೆ ವಧೆಗೆ ಕೊಡಲು ಅವಕಾಶವಿತ್ತು. 2020ರ ಕಾಯಿದೆಯು ಎತ್ತು ಸೇರಿದಂತೆ ಎಲ್ಲ ದನಗಳ ವಧೆಯನ್ನು ನಿಷೇಧಿಸಿ, 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆಹಾರದ ಹಕ್ಕು, ನಂಬಿಕೆ, ಜೀವನೋಪಾಯ ಹೀಗೆ ಹಲವು ದೃಷ್ಟಿಗಳಿಂದ ಇದರ ಬಗ್ಗೆ ನಾಡಿನಲ್ಲಿ ಚರ್ಚೆಯಾಗಿದೆ. ಚರ್ಚೆ ಏನೇ ಇರಲಿ, ಕೊಟ್ಟಿಗೆಯ ಲೆಕ್ಕದಲ್ಲಿ ಒಂದು ಬದಲಾವಣೆಯಂತೂ ಆಗಿದೆ. ಹಿಂದೆ ಮುದಿ ಎತ್ತಿನ ಮಾರಾಟದಿಂದ ಹೊಸ ಎತ್ತಿನ ಬೆಲೆಯ ಒಂದು ಪಾಲು ಹುಟ್ಟುತ್ತಿತ್ತು. ಈಗ ಅದನ್ನು ನಂಬುವಂತಿಲ್ಲ. ದುಡಿಯದ ಎತ್ತು ವರ್ಷಕ್ಕೆ ಎರಡೂವರೆ ಟನ್ ಹುಲ್ಲನ್ನು ತಿನ್ನುತ್ತದೆ.

ಆದುದರಿಂದ ಎತ್ತನ್ನು ಕೊಳ್ಳುವ ದಿನವೇ ಅದರ ಕೊನೆಯ ವರ್ಷಗಳನ್ನೂ ಯೋಚಿಸಬೇಕು. ಕಸುವಿರುವ ಏಳು ಎಂಟು ವರ್ಷದ ಪ್ರಾಯದಲ್ಲಿಯೇ ದುಡಿಸುವ ಇನ್ನೊಬ್ಬ ರೈತನಿಗೆ ಮಾರಿ ಎಳೆಯ ಜೋಡಿ ಕಟ್ಟುವುದು ಒಂದು ದಾರಿ. ಮನೆಯಲ್ಲಿಯೇ ಉಳಿಸಿಕೊಳ್ಳುವವರು ಮುದಿ ಎತ್ತಿಗೆ ಎಡೆಕುಂಟೆ, ಹಗುರ ಸಾಗಣೆಯಂತಹ ಕೆಲಸವನ್ನು ಕೊಟ್ಟು, ಅದರ ಮೇವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾರಿಗೆ ಯಾವುದು ಸರಿ?

ಮೇಲಿನ ವಿವರಗಳಿಂದ ಕೆಳಗಿನ ಸಲಹೆಗಳನ್ನು ಕೊಡಬಹುದು.

ಎರಡು ಎಕರೆಗಿಂತ ಕಡಿಮೆ ಭೂಮಿ ಇರುವವರು ಸ್ವಂತಕ್ಕೆಂದೇ ಜೋಡಿ ಸಾಕುವುದು ಲಾಭಕರವಲ್ಲ. ಇಬ್ಬರು ನೆರೆಯವರು ಒಂದೊಂದು ಎತ್ತು ಸಾಕಿ, ಸರದಿಯಂತೆ ಕೂಡಿ ಹೂಡುವ ಹಳೆಯ ಪದ್ಧತಿ ಇಂತಹವರಿಗೆ ಬಹಳ ಅನುಕೂಲ. ಮೇವಿನ ಹೊರೆ ಅರ್ಧವಾಗುತ್ತದೆ, ದುಡಿಮೆಯ ದಿನ ಇಮ್ಮಡಿಯಾಗುತ್ತದೆ. ಯಾರ ಹೊಲ ಮೊದಲು ಎಂಬುದನ್ನು ಹಂಗಾಮಿಗೆ ಮೊದಲೇ ಮಾತಾಡಿಕೊಂಡಿರಬೇಕು.

ಮೂರರಿಂದ ಐದು ಎಕರೆ ಇರುವವರು, ಮನೆಯಲ್ಲಿ ಹುಲ್ಲಿದ್ದು ಹೊರಗೆ ಬಾಡಿಗೆ ಕೆಲಸವೂ ದೊರೆಯುವಂತಿದ್ದರೆ ಜೋಡಿಯನ್ನು ಉಳಿಸಿಕೊಳ್ಳಬಹುದು. ಎರಡರಲ್ಲಿ ಒಂದಿಲ್ಲವಾದರೆ ಮತ್ತೊಮ್ಮೆ ಯೋಚಿಸಬೇಕು.

ಐದು ಎಕರೆಗಿಂತ ಹೆಚ್ಚು ಇರುವವರು ಮೊದಲ ಉಳುಮೆಯನ್ನು ಬಾಡಿಗೆ ಟ್ರ್ಯಾಕ್ಟರಿನಿಂದ ಅಥವಾ ಕೃಷಿ ಯಂತ್ರಧಾರೆ ಕೇಂದ್ರದ ಯಂತ್ರದಿಂದ ಮಾಡಿಸಿ, ಬಿತ್ತನೆ, ಕುಂಟೆ, ಎಡೆಕುಂಟೆಗಳನ್ನು ಮನೆಯ ಜೋಡಿಯಿಂದ ಮಾಡುವುದು ಉತ್ತಮ. ಹತ್ತು ಎಕರೆಯನ್ನು ಒಂದು ಜೋಡಿಯಿಂದ ಉಳಲು ಇಪ್ಪತ್ತು ದಿನ ಬೇಕು. ಬಿತ್ತಲು ಮೂರು ದಿನ ಸಾಕು. ಯಂತ್ರಕ್ಕೆ ಯಂತ್ರದ ಕೆಲಸ, ಎತ್ತಿಗೆ ಎತ್ತಿನ ಕೆಲಸ.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ರೈತರೊಂದಿಗೆ ಕುಳಿತು ಈ ದಿನದ ಲೆಕ್ಕವನ್ನು ಅವರ ಹಿಡುವಳಿಗೆ ಅನ್ವಯಿಸಿ ತೋರಿಸಬೇಕು. ಎತ್ತು ಕೊಳ್ಳಲು ಸಾಲ ಮಾಡುವ ಮೊದಲು, ಇರುವ ಎತ್ತನ್ನು ಅವಸರದಲ್ಲಿ ಮಾರುವ ಮೊದಲು ಈ ಲೆಕ್ಕ ಆಗಬೇಕು. ಒಮ್ಮೆ ಮಾರಿದ ಹೊಂದಿದ ಜೋಡಿ ಮತ್ತೆ ಸುಲಭವಾಗಿ ಸಿಗುವುದಿಲ್ಲ. ಪಳಗಿಸುವ ಕೈಗಳೂ ಊರಿನಲ್ಲಿ ಕಡಿಮೆಯಾಗುತ್ತಿವೆ. ಲೆಕ್ಕ ಕೂಡಿಬಂದವರು ಎತ್ತಿಗೆ ಹದವಾದ ನೊಗ, ಹಂಗಾಮಿಗೆ ಮೊದಲೇ ಮೇವು, ಬಿಸಿಲಿಗೆ ಮೊದಲೇ ಬಿಡುವು ಕೊಟ್ಟು ವರ್ಷಕ್ಕೆ ಎಪ್ಪತ್ತು ದಿನವಾದರೂ ದುಡಿಸಲಿ. ಲೆಕ್ಕ ಕೂಡಿಬಾರದವರು ಆ ಹುಲ್ಲನ್ನು ಹಸುವಿಗೆ ಹಾಕಲಿ.